ಎಡಕ್ಕೆ ವಾಲಿದ ಹೊಲಿಗೆ

"ಅಯ್ಯೋ... ಕಾಲು!"

ಅವಳು ಕೂಗುವಷ್ಟರಲ್ಲಿ ಕತ್ತರಿ ಬೆರಳುಗಳಿಂದ ಜಾರಿತ್ತು. ಕೋಟಿನ ಬಟ್ಟೆ ಕತ್ತರಿಸುವ ಭಾರದ ಕತ್ತರಿ. ಠಣ್ ಎಂದು ನೆಲಕ್ಕೆ ಬಿದ್ದು, ಬಾಗಿಲಲ್ಲಿ ನಿಂತಿದ್ದ ಹೊಸಬನ ಚಪ್ಪಲಿಯಿಂದ ನಾಲ್ಕೇ ಬೆರಳು ದೂರದಲ್ಲಿ ನಿಂತಿತು.

ಅವನು ಕದಲಲಿಲ್ಲ. ಕತ್ತರಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

"ಇರಿ, ಬೆರಳು ಎಣಿಸ್ಕೋತೀನಿ," ಎಂದು ಬಗ್ಗಿ ನಿಜಕ್ಕೂ ಎಣಿಸಿದ. "ಐದೂ ಇವೆ. ನಿಮ್ಮದು?"

ಅವಳಿಗೆ ನಗು ಬರಲಿಲ್ಲ. ಅವಳ ಬಲಗೈಯಲ್ಲೂ ಐದು ಬೆರಳಿದ್ದವು. ಆದರೆ ಅವುಗಳಲ್ಲಿ ಮೂರೂವರೆ ಅವಳ ಮಾತು ಕೇಳುವುದನ್ನು ಬಿಟ್ಟು ಆಗಲೇ ಕೆಲವು ವಾರಗಳಾಗಿದ್ದವು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಅರ್ಧ... ಕಿರುಬೆರಳು ಮಾತ್ರ ತನಗೇನೂ ಸಂಬಂಧವೇ ಇಲ್ಲ ಎಂಬಂತೆ ಆರಾಮವಾಗಿತ್ತು.

"ಕೈ ಬೆವರಿತ್ತು, ಜಾರಿಬಿಡ್ತು. ತಪ್ಪಾಯ್ತು," ಎಂದಳು.

ಅವನಿಗೆ ಅವಳು ಹೇಳಿದ ಮೊದಲ ಮಾತೇ ಸುಳ್ಳು!

"ನಾನು ಹೊಸ ಕಟಿಂಗ್ ಮಾಸ್ಟರ್," ಎನ್ನುತ್ತಾ ಅವನು ಎಡಗೈಯಲ್ಲಿ ಕತ್ತರಿ ಎತ್ತಿಕೊಟ್ಟ. "ನಾನು ಎಡಚ. ಈ ಕತ್ತರಿ ನನಗೆ ಕೆಲಸಕ್ಕೆ ಬರಲ್ಲ. ಅದಕ್ಕೇ ಎಸೆದ್ರಾ?"

ಇಸ್ತ್ರಿ ಮೇಜಿನ ಹಿಂದಿನಿಂದ ಇಸ್ತ್ರಿ ಅಕ್ಕ ಕಿಸಕ್ಕನೆ ನಕ್ಕಳು. "ಬಂದ ದಿನಾನೇ ಕತ್ತರಿ ಪೂಜೆ ಆಯ್ತಲ್ಲಪ್ಪ ನಿನಗೆ!"

ಅದು ಕೋಟು ಹೊಲಿಯುವ ಅಂಗಡಿ. ಕೆಳಗೆ ಗಾಜಿನ ಬಾಗಿಲು, ನಿಲುಗನ್ನಡಿ, ಗಿರಾಕಿಗಳು. ಮೇಲಿನ ಮಹಡಿಯಲ್ಲಿ ಹೊಲಿಗೆ. ಗುಂಡಿ ತೂರುವ ಪುಟ್ಟ ಸೀಳಿನ ಸುತ್ತ ರೇಷ್ಮೆ ದಾರದಲ್ಲಿ ಗಂಟುಗಂಟಾಗಿ ಕಾಜಾ ಹಾಕುವುದು ಅವಳ ಕೆಲಸ. ಮಿಷನ್ನಿನ ಕಾಜಾ ಬೇಡ, ಕೈಯದೇ ಬೇಕು ಎನ್ನುವ ಗಿರಾಕಿಗಳೇ ಅಲ್ಲಿಗೆ ಬರುತ್ತಿದ್ದರು. ಹದಿನಾಲ್ಕು ವರ್ಷದಿಂದ ಅದೇ ಕಿಟಕಿ, ಅದೇ ಸ್ಟೂಲು, ಅದೇ ಬಾಗಿದ ಮಣಿಕಟ್ಟು. ಮಹಡಿಯಲ್ಲಿ ಎಲ್ಲರಿಗೂ ಅವಳು 'ಕಾಜಕ್ಕ'. ಅವಳಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು.

ಮಾಸ್ಟರ್ ಒಬ್ಬ ಮಾತ್ರ ಹಾಗೆ ಕರೆಯಲಿಲ್ಲ. "ಇವ್ರೇ..." ಎನ್ನುತ್ತಿದ್ದ.

ಆ ಮಹಡಿಗೊಂದು ಪದ್ಧತಿಯಿತ್ತು. ಕೈಕೆಲಸ ಮುಗಿದ ಮೇಲೆ ಕೋಟಿನ ಕಾಲರಿನ ಅಡಿಯಲ್ಲಿ ಅವರವರ ಬಣ್ಣದ ದಾರದಿಂದ ಒಂದು ಗುರುತು ಹಾಕಬೇಕು. ಅವಳದು ಹಳದಿ. ಕೋಟು ದೂರಿನೊಂದಿಗೆ ವಾಪಸ್ ಬಂದರೆ ಯಜಮಾನರು ಮೊದಲು ಕಾಲರ್ ಎತ್ತಿ ನೋಡುತ್ತಿದ್ದರು. ಒಂದೇ ಬಣ್ಣ ಮೂರು ಸಲ ಕಂಡರೆ ಆಯಿತು, ಆ ಬಣ್ಣದ ದಾರ ಮತ್ತೆ ಆ ಮಹಡಿಯಲ್ಲಿ ಕಾಣುತ್ತಿರಲಿಲ್ಲ. ನೀಲಿ ಗುರುತಿನ ತಾತ ಹೋದದ್ದು ಹಾಗೆಯೇ.

ಹಳದಿ ಗುರುತಿನ ಕೋಟು ಒಂದೂ ವಾಪಸ್ ಬಂದಿರಲಿಲ್ಲ.

ಅದೊಂದೇ ಅವಳ ಧೈರ್ಯ.

*

ಬೆಳಗಿನ ಜಾವವೇ ಅವಳಿಗೆ ದಿನದ ಅತಿ ಕಷ್ಟದ ಹೊತ್ತು. ಕೈ ಉರಿದು ಎಚ್ಚರವಾಗುತ್ತಿತ್ತು. ಬೆರಳುಗಳ ಒಳಗೆ ಇರುವೆ ಸಾಲು ಹರಿದಂತೆ... ಎದ್ದು ಕೂತು, ಒದ್ದೆ ಬಟ್ಟೆಯ ನೀರು ಕೊಡವುವ ಹಾಗೆ ಕೈ ಕೊಡವುತ್ತಿದ್ದಳು. ಕೊಡವಿದರೆ ಸ್ವಲ್ಪ ಹಗುರವಾಗುತ್ತಿತ್ತು. ಮತ್ತೆ ಮಲಗಿದರೆ ಮತ್ತೆ ಅದೇ.

ಪಕ್ಕದ ಮಂಚದಲ್ಲಿ ಅಮ್ಮ. ಕಣ್ಣು ಮಂಜಾಗಿ ವರ್ಷಗಳಾಗಿದ್ದವು.

"ಏನೇ ಅದು ಸದ್ದು?"

"ಸೊಳ್ಳೆ ಅಮ್ಮ."

"ಎಷ್ಟು ಸೊಳ್ಳೆ ಹೊಡೀತೀಯ ದಿನಾ! ನನಗೆ ಒಂದೂ ಕಚ್ಚಲ್ವಲ್ಲ."

ಬೆಳಗಾದರೆ ಅಮ್ಮನ ಜಡೆ. ಆಮೇಲೆ ಬಟ್ಟೆ ಹಿಂಡುವುದು, ಡಬ್ಬಿಯ ಮುಚ್ಚಳ ತಿರುಗಿಸುವುದು, ಬೀಗ ಹಾಕುವುದು. ಹಿಂದೆ ಕೆಲಸವೇ ಅಲ್ಲದ್ದೆಲ್ಲ ಈಗ ಒಂದೊಂದು ಬೆಟ್ಟ. ಅಂಗಡಿ ಮುಟ್ಟುವಷ್ಟರಲ್ಲೇ ಅವಳು ಅರ್ಧ ಸೋತಿರುತ್ತಿದ್ದಳು.

'ಕೈ ಜೋಮು ಹಿಡಿದರೇನಂತೆ... ಕೆಲಸ ಸರಿಯಾಗಿಯೇ ಆಗುತ್ತಿದೆಯಲ್ಲ. ಕೋಟು ವಾಪಸ್ ಬಂದಿಲ್ಲವಲ್ಲ...' ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಆಸ್ಪತ್ರೆಗೆ ಹೋದರೆ 'ಕೆಲಸ ಬಿಡಿ' ಎನ್ನುತ್ತಾರೆ. ಕೆಲಸ ಬಿಟ್ಟರೆ ಅವಳು ಯಾರು?

ಒಂದು ದಿನ ಸ್ಟೂಲಿನ ಮೇಲೆ ಕೂತರೆ, ಸೂಜಿ ಚುಚ್ಚಿಡುವ ಮೆತ್ತೆಯ ಮೇಲೆ ಹನ್ನೆರಡು ಸೂಜಿಗಳು. ಎಲ್ಲಕ್ಕೂ ದಾರ ಪೋಣಿಸಿ, ಮೇಣ ಸವರಿ ಸಿದ್ಧವಾಗಿಟ್ಟಿತ್ತು!

ತಲೆ ಎತ್ತಿ ನೋಡಿದಳು. ಮಾಸ್ಟರ್ ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆಯುತ್ತಿದ್ದ.

"ಇದು ಯಾರ ಕೆಲಸ?"

"ಬೇಗ ಬಂದಿದ್ದೆ. ಕೈ ಖಾಲಿ ಇತ್ತು, ಇವ್ರೇ."

ಅಂದಿನಿಂದ ದಿನವೂ ಹನ್ನೆರಡು ಸೂಜಿ. ಹನ್ನೊಂದು ಗಂಟೆಗೆ ಅವನೇ ಮಾಡಿದ ಟೀ. ನೀರಿನಂತೆ ತೆಳ್ಳಗೆ, ಸಕ್ಕರೆ ಮಾತ್ರ ಸುರಿದಂತೆ! ಇಸ್ತ್ರಿ ಅಕ್ಕ ಅದನ್ನು ಗುಟ್ಟಾಗಿ ಇಸ್ತ್ರಿ ನೀರಿನ ಬಕೆಟ್ಟಿಗೆ ಸುರಿಯುತ್ತಿದ್ದಳು. ಇವಳು ಮಾತ್ರ ಎರಡೂ ಕೈಯಲ್ಲಿ ಲೋಟ ಹಿಡಿದು, ಕೊನೆಯ ಗುಟುಕಿನವರೆಗೂ ಕುಡಿಯುತ್ತಿದ್ದಳು.

"ಹೇಗಿದೆ?"

"ಚೆನ್ನಾಗಿದೆ ಮಾಸ್ಟರ್."

'ಮೂವತ್ತನಾಲ್ಕಕ್ಕೆ ಇದೆಂಥ ಹುಚ್ಚು ನನಗೆ...' ಎಂದುಕೊಳ್ಳುತ್ತಿದ್ದಳು. ಆದರೂ ಬೆಳಗಿನ ಜಾವ ಕೈ ಕೊಡವುತ್ತಾ ಕೂತಾಗ ಆ ಹನ್ನೆರಡು ಸೂಜಿ ನೆನಪಾದರೆ, ಉರಿ ಒಂದು ಕೂದಲೆಳೆಯಷ್ಟು ಕಡಿಮೆಯಾದಂತೆ ಅನ್ನಿಸುತ್ತಿತ್ತು.

*

ಹೀಗೆ ಎಂಟು ತಿಂಗಳು ಕಳೆದವು.

ಒಂದು ಮುಂಜಾನೆ ಉರಿ ಎಷ್ಟಿತ್ತೆಂದರೆ ಮನೆಯಲ್ಲಿ ಕೂರಲಾಗಲಿಲ್ಲ. ಒಂದು ಗಂಟೆ ಮೊದಲೇ ಅಂಗಡಿಗೆ ಬಂದಳು. ಮೆಟ್ಟಿಲು ಹತ್ತಿ, ಅರ್ಧ ತೆರೆದ ಬಾಗಿಲಿನಲ್ಲಿ ಹಾಗೇ ನಿಂತುಬಿಟ್ಟಳು.

ಅವಳ ಸ್ಟೂಲಿನ ಮೇಲೆ ಮಾಸ್ಟರ್ ಕೂತಿದ್ದ. ತೊಡೆಯ ಮೇಲೆ ಅವಳು ನಿನ್ನೆ ಸಂಜೆ ಮುಗಿಸಿಟ್ಟ ಬೂದು ಕೋಟು. ಕೈಯಲ್ಲಿ ಬ್ಲೇಡು. ಅವಳ ಕಾಜಾದ ಎಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದ!

ಅವಳು ಬಾಗಿಲು ತಳ್ಳಿ ಒಳಗೆ ಬಂದಳು.

"ಓಹೋ... ಇದಕ್ಕೇನಾ ದಿನಾ ಬೇಗ ಬರೋದು?"

ಅವನು ಬೆಚ್ಚಿ ಎದ್ದ. "ಇವ್ರೇ... ನೀವು ಅಂದ್ಕೊಂಡ ಹಾಗಲ್ಲ..."

"ನನ್ನ ಕೆಲಸ ಕೆಡಿಸಿ ಯಜಮಾನರಿಗೆ ತೋರಿಸ್ಬೇಕಿತ್ತಾ? ನನ್ನ ಜಾಗಕ್ಕೆ ಯಾರನ್ನ ತರ್ತಿದೀರಿ? ನಿಮ್ಮ ತಂಗೀನಾ, ಭಾವನ ಮಗಳನ್ನಾ?"

"ನನಗೆ ತಂಗಿ ಇಲ್ಲ."

"ಮಾತು ಮರೆಸ್ಬೇಡಿ!"

ಅವನ ಕೈಯಿಂದ ಕೋಟು ಕಸಿದುಕೊಂಡಳು. ಮೇಲಿನ ಎರಡು ಕಾಜಾ ಬಿಚ್ಚಿದ್ದವು. ಮೂರನೆಯದು ಆಗಲೇ ಮತ್ತೆ ಹಾಕಿ ಮುಗಿದಿತ್ತು. ಅಚ್ಚುಕಟ್ಟಾಗಿತ್ತು. ಆದರೆ ಎಳೆಗಳೆಲ್ಲ ಎಡಕ್ಕೆ ವಾಲಿದ್ದವು. ಬಲಗೈಯವರ ಹೊಲಿಗೆ ಹಾಗೆ ವಾಲುವುದಿಲ್ಲ.

ಗುರುತು ಹಾಕಿ ಕೊಟ್ಟ ಕೋಟನ್ನು ಅವಳು ಮತ್ತೆ ತಿರುಗಿ ನೋಡಿದವಳಲ್ಲ. ಈಗ ಕಿಟಕಿಯ ಬಳಿ ನೇತುಹಾಕಿದ್ದ ಇನ್ನೊಂದು ಕೋಟಿನ ಕಾಲರ್ ಎತ್ತಿದಳು. ಹಳದಿ ಗುರುತು. ಕಾಜಾ ನೋಡಿದಳು. ಎಡಕ್ಕೆ. ಮತ್ತೊಂದು ಕೋಟು. ಹಳದಿ... ಎಡಕ್ಕೆ. ಇನ್ನೊಂದು... ಅದೂ ಎಡಕ್ಕೆ!

"ಎಷ್ಟು ದಿನದಿಂದ?" ದನಿ ಅವಳದೆಂದು ಅವಳಿಗೇ ಗುರುತಾಗಲಿಲ್ಲ.

"ಐದು ತಿಂಗಳು," ಎಂದ ಮೆಲ್ಲಗೆ. "ಗಂಟು ಸಡಿಲ ಬರ್ತಿತ್ತು. ಗುಂಡಿ ಎರಡು ಸಲ ಹಾಕಿದ್ರೆ ಬಿಚ್ಚಿಕೊಳ್ಳೋ ಹಾಗಿತ್ತು. ವಾಪಸ್ ಬಂದ್ರೆ ನಿಮ್ಮನ್ನ ತೆಗೆದುಬಿಡ್ತಾರೆ ಅಂತ..."

ಹಿಂದೆ ಮೆಟ್ಟಿಲ ಬಳಿ ಇಸ್ತ್ರಿ ಅಕ್ಕ ನಿಂತಿದ್ದಳು.

"ಅಕ್ಕಾ, ನಿನಗೂ ಗೊತ್ತಿತ್ತಾ?"

ಇಸ್ತ್ರಿ ಅಕ್ಕ ತಲೆ ತಗ್ಗಿಸಿದಳು. "ಪ್ರತಿ ಕೋಟೂ ಕೊನೆಗೆ ನನ್ನ ಮೇಜಿಗೇ ಅಲ್ವೇನೇ ಬರೋದು... ಗೊತ್ತಾಗದೆ ಇರುತ್ತಾ?"

ಐದು ತಿಂಗಳು! ಅವಳು ಹೆಮ್ಮೆಯಿಂದ ಗುರುತು ಹಾಕಿದ ಒಂದೊಂದು ಕೋಟೂ ಅವಳದಲ್ಲ. ಹದಿನಾಲ್ಕು ವರ್ಷದ ಕೈ ಸತ್ತುಹೋಗಿದೆ. ಎಲ್ಲರಿಗೂ ಗೊತ್ತು. ಅವಳೊಬ್ಬಳಿಗೆ ಗೊತ್ತಿಲ್ಲ!

ಅವಳು ಅಳಲಿಲ್ಲ. ಅಳುವುದಕ್ಕೂ ಸ್ವಲ್ಪ ತ್ರಾಣ ಬೇಕು. ಅಲ್ಲೇ ನೆಲದ ಮೇಲೆ, ಬಿದ್ದಿದ್ದ ದಾರದ ಚೂರುಗಳ ನಡುವೆ ಕೂತುಬಿಟ್ಟಳು.

*

ಇಸ್ತ್ರಿ ಅಕ್ಕ ಅಂದೇ ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

"ಎರಡೂ ಕೈಯ ಹಿಂಭಾಗ ಒಂದಕ್ಕೊಂದು ಒತ್ತಿ, ಮಣಿಕಟ್ಟು ಮಡಿಸಿ ಹಿಡೀರಿ," ಎಂದರು ಡಾಕ್ಟರಮ್ಮ. "ಒಂದು ನಿಮಿಷ."

ನಿಮಿಷ ಬೇಕಾಗಲಿಲ್ಲ. ಎಣಿಸಿ ಇಪ್ಪತ್ತಾಗುವಷ್ಟರಲ್ಲಿ ಇರುವೆಗಳು ಹರಿದವು. ಆಮೇಲೆ ಕೈಗೆ ತಂತಿ ಅಂಟಿಸಿ, ಸಣ್ಣಗೆ ಕರೆಂಟು ಕೊಟ್ಟು ನರದ ಓಟ ಅಳೆದರು.

"ಕಾರ್ಪಲ್ ಟನಲ್ ಸಿಂಡ್ರೋಮ್," ಎಂದರು. "ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ದಾರಿ ಇದೆ. ಬೆರಳು ಮಡಿಸೋ ಒಂಬತ್ತು ಎಳೆಗಳ ಜೊತೆ ಒಂದು ನರ ಅದರಲ್ಲೇ ಹೋಗ್ಬೇಕು. ಮೇಲೊಂದು ಬಿಗಿ ಪಟ್ಟಿ. ಒಳಗೆ ಊದಿಕೊಂಡ್ರೆ ನರ ನಜ್ಜುಗುಜ್ಜು."

"ಒಂದು ಲಾಡಿ ಹೋಗೋ ಪಟ್ಟಿಯಲ್ಲಿ ಹತ್ತು ಲಾಡಿ ತುರುಕಿದ ಹಾಗೆ?"

ಡಾಕ್ಟರಮ್ಮ ನಕ್ಕರು. "ನನಗಿಂತ ಚೆನ್ನಾಗಿ ಹೇಳಿದ್ರಿ." ಆಮೇಲೆ ಅವಳ ಹೆಬ್ಬೆರಳಿನ ಬುಡವನ್ನು ಒತ್ತಿ ನೋಡಿ ಗಂಭೀರವಾದರು. ಎಡಗೈಯಲ್ಲಿ ಉಬ್ಬಿದ್ದ ಮಾಂಸ ಬಲಗೈಯಲ್ಲಿ ತಗ್ಗಾಗಿತ್ತು. "ಇಲ್ಲಿ ಕರಗಿದೆ, ನೋಡಿ. ಯಾಕೆ ಇಷ್ಟು ತಡ ಮಾಡಿದ್ರಿ? ಐದಾರು ತಿಂಗಳ ಹಿಂದೆ ಬಂದಿದ್ರೆ ಮಲಗೋವಾಗ ಕೈಗೆ ಪಟ್ಟಿ, ವಿಶ್ರಾಂತಿ, ಹೆಚ್ಚೆಂದ್ರೆ ಒಂದು ಇಂಜೆಕ್ಷನ್... ಅಷ್ಟರಲ್ಲೇ ಮುಗೀತಿತ್ತೇನೋ."

"ಕೆಲಸ ಚೆನ್ನಾಗಿ ಆಗ್ತಿದೆ ಅಂದ್ಕೊಂಡಿದ್ದೆ ಡಾಕ್ಟ್ರೇ..."

"ಈಗ ಆಪರೇಷನ್ ಮಾಡಿ ನರದ ಮೇಲಿನ ಆ ಬಿಗಿ ಪಟ್ಟಿ ಬಿಚ್ಚಬೇಕು. ಉರಿ ಹೋಗುತ್ತೆ. ಶಕ್ತಿ ನಿಧಾನವಾಗಿ ಬರುತ್ತೆ. ಪೂರ್ತಿ ಬರುತ್ತಾ ಅಂದ್ರೆ... ನಾನು ಸುಳ್ಳು ಹೇಳಲ್ಲ."

ಸಂಜೆ ಮಾಸ್ಟರ್ ಮನೆ ಬಾಗಿಲಿಗೆ ಬಂದ. ಒಳಗೆ ಕರೆಯಲಿಲ್ಲ ಅವಳು.

"ನಿಮ್ಮ ಮೇಲೆ ಕೋಪ ಯಾಕೆ ಗೊತ್ತಾ ಮಾಸ್ಟರ್? ಬಿಚ್ಚಿದ್ದಕ್ಕಲ್ಲ. ಹೇಳದೆ ಇದ್ದದ್ದಕ್ಕೆ! ಒಂದು ಕೋಟು ವಾಪಸ್ ಬರೋಕೆ ಬಿಟ್ಟಿದ್ರೆ ಅವತ್ತೇ ಹೆದರಿ ಡಾಕ್ಟರ ಹತ್ರ ಓಡ್ತಿದ್ದೆ. ನನ್ನ ಕೈ ಉಳೀತಿತ್ತು!"

ಅವನ ಮುಖದ ರಕ್ತ ಇಳಿಯಿತು. "ಕಾಪಾಡ್ತಿದೀನಿ ಅಂದ್ಕೊಂಡಿದ್ದೆ..."

"ಕೆಲಸ ಕಾಪಾಡಿದ್ರಿ. ನನ್ನನ್ನಲ್ಲ. ಇನ್ನು ಬರಬೇಡಿ."

ಅವನು ಮೆಟ್ಟಿಲಿಳಿದ. ಬಾಗಿಲ ಚಿಲಕ ಹಾಕಲು ಅವಳಿಗೆ ಮೂರು ಸಲ ಬೇಕಾಯಿತು.

"ಪಾಪದವನ ದನಿ ಕಣೇ," ಎಂದಳು ಅಮ್ಮ ಒಳಗಿನಿಂದ.

"ಅಮ್ಮ, ಸುಮ್ನಿರು. ನಿನಗೇನು ಗೊತ್ತು?"

"ಎಲ್ಲಾ ಗೊತ್ತು. ಕಣ್ಣು ಮಂಜು, ಕೈ ಮಂಜಲ್ಲ. ನೀನು ಹಾಕಿದ ಜಡೆ ನೀನು ಅಂಗಡಿ ಸೇರೋ ಮೊದಲೇ ಬಿಚ್ಚಿಹೋಗ್ತಿತ್ತು. ನೀನು ನೊಂದ್ಕೋತೀಯ ಅಂತ ನಾನೇ ತಡವಿ ತಡವಿ ಮತ್ತೆ ಹೆಣ್ಕೋತಿದ್ದೆ. ಸಂಜೆ ನೋಡಿದಾಗ ಸರಿ ಇರುತ್ತಿತ್ತಲ್ಲ?" ಅಮ್ಮ ತಡವುತ್ತಾ ಬಾಗಿಲಿಗೆ ಬಂದು ಮಗಳ ಬಲಗೈಯನ್ನು ಹುಡುಕಿ ಹಿಡಿದುಕೊಂಡಳು. "ನನ್ನನ್ನೂ ಮನೆಯಿಂದ ಆಚೆ ಹಾಕ್ತೀಯಾ?"

ಅವಳು ಅಮ್ಮನನ್ನು ಕೈ ಹಿಡಿದು ಮಂಚದ ಮೇಲೆ ಕೂರಿಸಿದಳು.

"ಮೊದಲು ಮುಚ್ಚಿಟ್ಟವಳು ನೀನು," ಎಂದಳು ಅಮ್ಮ. "ಸೊಳ್ಳೆ ಅಂತೆ ಸೊಳ್ಳೆ!"

ಬೆಳಗಿನಿಂದ ಬರದ ಅಳು ಆಗ ಬಂತು.

*

ಆಪರೇಷನ್ ಅರ್ಧ ಗಂಟೆಯೂ ಹಿಡಿಯಲಿಲ್ಲ. ಕೈಗಷ್ಟೇ ಅರಿವಳಿಕೆ ಕೊಟ್ಟಿದ್ದರು. ಪರದೆಯ ಆಚೆ ಯಾರೋ ತನ್ನ ಹೊಲಿಗೆ ಬಿಚ್ಚುತ್ತಿದ್ದಾರೆ ಎಂದುಕೊಳ್ಳುತ್ತಾ ಸುಮ್ಮನೆ ಮಲಗಿದ್ದಳು. ಅಂದು ರಾತ್ರಿ, ಎಷ್ಟೋ ತಿಂಗಳ ಮೇಲೆ, ಕೈ ಉರಿಯದೆ ನಿದ್ದೆ ಬಂತು.

ಹೊಲಿಗೆ ತೆಗೆಯಲು ಎರಡು ವಾರ. ಆಮೇಲೆ ಕಾಯುವುದು. ಅಂಗೈಯ ಗಾಯದ ಗುರುತು ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಸ್ಪಂಜು ಹಿಂಡು, ಬಿಡು. ಹಿಂಡು, ಬಿಡು. ಲೋಟ ಎತ್ತಲು ಹೋಗಿ ಬೀಳಿಸು. ಒರೆಸು. ದಿನಗಳು ಹಾಗೇ ತೆವಳಿದವು.

ಮೂರನೆಯ ಭಾನುವಾರ ಇಸ್ತ್ರಿ ಅಕ್ಕ ಬಂದಳು. "ನಿನ್ನ ಮಾಸ್ಟರ್ ಕೊಟ್ಟ. ನಾನು ಬರೀ ಅಂಚೆ."

"ನನ್ನ ಮಾಸ್ಟರ್ ಅಂತೆ!"

ಒಂದು ಚೂರು ಬಟ್ಟೆ. ಅದರ ಮೇಲೆ ಒಂದು ಕಾಜಾ. ಅಬ್ಬಾ, ಎಂಥ ವಿಕಾರ! ಗಂಟು ಒಂದು ಆಕಾಶಕ್ಕೆ, ಒಂದು ಪಾತಾಳಕ್ಕೆ. ಜೊತೆಗೊಂದು ಚೀಟಿ: 'ಬಲಗೈಯಲ್ಲಿ ಹಾಕಿದ್ದು. ನಿಮ್ಮ ಕಷ್ಟ ಏನಂತ ತಿಳಿಯಲಿ ಅಂತ. ಯಜಮಾನರಿಗೆ ಎಲ್ಲಾ ಹೇಳಿದೀನಿ. ಬೈದರು. ಇದು ಹೇಗಿದೆ? ನಿಜ ಹೇಳಿ.'

ಅವಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಬಲಗೈಯ ಪಟ್ಟಿ ನೋಡಿಕೊಂಡು, ಎಡಗೈಯಲ್ಲಿ ಪೆನ್ನು ಹಿಡಿದು, ಕಾಗೆ ಕಾಲಿನಂಥ ಅಕ್ಷರದಲ್ಲಿ ಬರೆದಳು: 'ಕೆಟ್ಟದಾಗಿದೆ.'

ಮುಂದಿನ ಭಾನುವಾರ ಮತ್ತೊಂದು ಚೂರು. 'ಇದು?'

'ಹೋದ ಸಲಕ್ಕಿಂತ ಕೆಟ್ಟದು. ದಾರ ಇಷ್ಟು ಎಳೀಬೇಡಿ.'

ಆಮೇಲಿನ ಭಾನುವಾರ: 'ನಿಮ್ಮ ಅಕ್ಷರ ಕೂಡ ಏನು ಚೆನ್ನಾಗಿಲ್ಲ.'

ಅವಳು ಜೋರಾಗಿ ನಕ್ಕಳು! ಅಮ್ಮ ಅಡುಗೆಮನೆಯಿಂದ ತಡವರಿಸುತ್ತಾ ಬಂದಳು. "ಏನಾಯ್ತೇ?"

"ಏನಿಲ್ಲಮ್ಮ. ಸೊಳ್ಳೆ."

"ಈ ಸೊಳ್ಳೆ ಒಳ್ಳೇದು. ಇರ್ಲಿ ಬಿಡು."

*

ನಾಲ್ಕು ತಿಂಗಳ ನಂತರ ಅವಳು ಅಂಗಡಿಯ ಮಹಡಿ ಹತ್ತಿದಳು.

ಯಜಮಾನರು ಅವಳ ಸ್ಟೂಲಿನ ಪಕ್ಕದಲ್ಲೇ ನಿಂತಿದ್ದರು. "ನೋಡಮ್ಮ, ಹಳದಿ ಗುರುತಿನ ಮೇಲೆ ನನಗೆ ಹದಿನಾಲ್ಕು ವರ್ಷದ ನಂಬಿಕೆ ಇತ್ತು. ಅದರಡಿ ಬೇರೆಯವರ ಕೆಲಸ ಹೋಯ್ತು. ನಿನ್ನ ತಪ್ಪಲ್ಲ, ಆದರೂ... ಒಂದು ಕಾಜಾ ಹಾಕಿ ತೋರಿಸು. ಆಮೇಲೆ ಮಾತಾಡೋಣ."

ಸೂಜಿ ಹಿಡಿದಳು. ಬೆರಳ ತುದಿಗೆ ಸೂಜಿಯ ತಣ್ಣನೆ ಲೋಹ ತಾಗಿತು. ತಾಗಿದ್ದು ಗೊತ್ತಾಯಿತು! ಕಣ್ಣು ತುಂಬಿ ಬಂತು. ಒಂದು ಗಂಟು, ಎರಡು, ಹತ್ತು... ಸೀಳಿನ ತುದಿಯ ತಿರುವಿನ ಹತ್ತಿರ ಹೆಬ್ಬೆರಳು ನಡುಗತೊಡಗಿತು. ಹಲ್ಲು ಕಚ್ಚಿ ಮುಗಿಸಿದಳು.

ಯಜಮಾನರು ಬಟ್ಟೆಯನ್ನು ಮಾಸ್ಟರ್ ಕಡೆ ಚಾಚಿದರು. "ನೀನೇ ಹೇಳು. ಈ ಸಲ ನಿಜ ಹೇಳ್ಬೇಕು."

ಮಾಸ್ಟರ್ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. 'ಚೆನ್ನಾಗಿದೆ ಅಂದುಬಿಡಲಿ...' ಎಂದಿತು ಅವಳ ಮನಸ್ಸು. 'ಅಂದರೆ ಅವನ ಮುಖ ಮತ್ತೆ ನೋಡುವುದಿಲ್ಲ,' ಎಂದೂ ಅಂದಿತು.

"ಸರಿ ಬಂದಿಲ್ಲ ಯಜಮಾನ್ರೇ," ಎಂದ.

ಇಸ್ತ್ರಿ ಅಕ್ಕನ ಇಸ್ತ್ರಿಪೆಟ್ಟಿಗೆ ಗಾಳಿಯಲ್ಲೇ ನಿಂತಿತು.

"ಮೊದಲರ್ಧ ಅವರ ಹಳೇ ಕೈಯೇ. ಅಂಥ ಗಂಟು ನನಗೂ ಬರಲ್ಲ. ತಿರುವಿನ ಮೇಲೆ ಸಡಿಲ. ಕೈ ಬಂದಿದೆ, ತ್ರಾಣ ಬಂದಿಲ್ಲ. ದಿನಕ್ಕೆ ಒಂದೇ ಕೋಟು ಕೊಡಿ, ನಡುನಡುವೆ ಕೈಗೆ ಬಿಡುವು ಕೊಡಿ... ಚೆನ್ನಾಗಿ ಮಾಡ್ತಾರೆ. ಎರಡನೇದು ಕೊಟ್ರೆ ಕೆಡುತ್ತೆ. ಕೋಟೂ ಕೆಡುತ್ತೆ, ಕೈಯೂ ಕೆಡುತ್ತೆ."

ಯಜಮಾನರು ಅವಳನ್ನು ನೋಡಿದರು. "ಏನಮ್ಮ, ಒಪ್ಪಿಗೆನಾ?"

"ಅವರು ಹೇಳಿದ್ದು ನಿಜ," ಎಂದಳು. "ಒಂದೇ ಕೊಡಿ."

"ಸರಿ. ನಾಳೆಯಿಂದ ಒಂದು." ಅವರು ಕೆಳಗಿಳಿದು ಹೋದರು. ಇಸ್ತ್ರಿ ಅಕ್ಕನಿಗೆ ಇದ್ದಕ್ಕಿದ್ದಂತೆ ಬಕೆಟ್ಟಿಗೆ ನೀರು ತರುವುದು ನೆನಪಾಯಿತು.

ಅವಳು ಆ ಬಟ್ಟೆಯನ್ನು ಮಡಿಲಲ್ಲಿಟ್ಟು, ತಿರುವಿನ ಸಡಿಲ ಗಂಟುಗಳನ್ನು ತಾನೇ ಬಿಚ್ಚತೊಡಗಿದಳು. ಮಾಸ್ಟರ್ ಟೀ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟ. ಹೋಗಲಿಲ್ಲ. ನಿಂತೇ ಇದ್ದ.

"ಇವ್ರೇ... ಬೇಜಾರಾಯ್ತಾ?"

"ಆಯ್ತು. ಆದ್ರೆ ಅದು ಒಳ್ಳೇ ಬೇಜಾರು."

"ಇನ್ಮೇಲೆ ನಿಮ್ಮ ಹತ್ರ ಏನೂ ಮುಚ್ಚಿಡಲ್ಲ. ಸರಿ ಇಲ್ಲ ಅಂದ್ರೆ ಸರಿ ಇಲ್ಲ ಅಂತಾನೇ ಹೇಳ್ತೀನಿ." ಅವನ ಎಡಗೈ ಮೇಜಿನ ಅಂಚನ್ನು ಸುಮ್ಮನೆ ಉಜ್ಜುತ್ತಿತ್ತು. "ದಿನಾ ಹೇಳ್ಬೇಕು ಅಂತ ಆಸೆ. ಅಂಗಡಿಯಲ್ಲಿ ಮಾತ್ರ ಅಲ್ಲ... ಮನೆಯಲ್ಲೂ. ಅಮ್ಮನ ಜಡೆ ನಾನು ಹೆಣೀತೀನಿ. ಎಡಕ್ಕೆ ವಾಲುತ್ತೆ, ಅಷ್ಟೇ."

ಅವಳು ತಲೆ ತಗ್ಗಿಸಿದಳು. ಸೂಜಿ ಮೆತ್ತೆಯ ಮೇಲೆ ಹನ್ನೆರಡು ಸೂಜಿ ಇರಲಿಲ್ಲ. ಇವತ್ತು ಒಂದೇ ಕಾಜಾಕ್ಕೆ ಬೇಕಾದ ಒಂದೇ ಸೂಜಿ ಇತ್ತು. ಅವನು ಅಷ್ಟನ್ನೂ ಲೆಕ್ಕ ಹಾಕಿದ್ದ.

ಲೋಟ ಎತ್ತಿಕೊಂಡಳು. ಬಲಗೈ ಒಂದರಲ್ಲೇ. ಸ್ವಲ್ಪ ನಡುಗಿತು. ಬೀಳಲಿಲ್ಲ. ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ಹಾಗಾದ್ರೆ ನಾನೂ ಒಂದು ನಿಜ ಹೇಳ್ತೀನಿ ಮಾಸ್ಟರ್."

"ಹೇಳಿ."

"ನಿಮ್ಮ ಟೀ ಕೆಟ್ಟದಾಗಿದೆ. ಮೊದಲ ದಿನದಿಂದಲೂ."

ಅವನು ದಂಗಾಗಿ ನೋಡಿದ. "ಮತ್ತೆ... ಇಷ್ಟು ದಿನ ಯಾಕೆ ಕುಡಿದ್ರಿ?"

"ಮಾಡಿಕೊಟ್ಟವರು ನೀವಲ್ವಾ," ಎಂದಳು ಅವಳು, ಇನ್ನೊಂದು ಗುಟುಕು ಕುಡಿಯುತ್ತಾ.